ಗ್ರೀನ್‌ಲ್ಯಾಂಡ್ ಮತ್ತು ಅಮೆರಿಕದ ರಕ್ಷಣಾನೀತಿ

ಪ್ರಪಂಚದ ದ್ವೀಪಗಳಲ್ಲೆಲ್ಲ ದೊಡ್ಡದಾದ ಗ್ರೀನ್‌ಲ್ಯಾಂಡಿನ ಐದರಲ್ಲಿ ನಾಲ್ಕು ಪಾಲು ನೆಲ ಹಿಮದಿಂದ ಆವೃತವಾಗಿದೆ. ನಿವಾಸಿಗಳ ಸಂಖ್ಯೆ ಅರುವತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಡೆನ್ಮಾರ್ಕಿನ ಪ್ರಭುತ್ವಕ್ಕೆ ಒಳಪಟ್ಟ ಈ ನೆಲದ ಮೇಲೆ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಇಷ್ಟೊಂದು ಲಕ್ಷ್ಯವಿರಿಸಿರುವುದೇಕೆ, ಅದಕ್ಕೆ ಒಡೆತನವೂ ಅವಶ್ಯಕವೇ ಎಂಬುದನ್ನು ನಾವಿಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಈ ಆಸಕ್ತಿ ಎಂದೂ ಏಕರೀತಿಯಾಗಿರಲಿಲ್ಲ. 1867ರಲ್ಲಿ ರಷ್ಯದಿಂದ ಅಲಾಸ್ಕವನ್ನು ಕೊಂಡ ವಿದೇಶಾಂಗ ಕಾರ್ಯದರ್ಶಿ ಸೀವರ್ಡನು ಗ್ರೀನ್‌ಲ್ಯಾಂಡಿನ ಕಡೆಗೂ ದೃಷ್ಟಿ ಹಾಯಿಸಿದ್ದನು. ಆದರೆ 1916ರಲ್ಲಿ ಡೆನ್ಮಾರ್ಕಿನಿಂದ ವೆಸ್ಟ್ ಇಂಡೀಸಿನ ಕೆಲವು ದ್ವೀಪಗಳನ್ನು ಕೊಳ್ಳಲು ಒಪ್ಪಂದವಾದಾಗ, ಗ್ರೀನ್‌ಲ್ಯಾಂಡಿನಾದ್ಯಂತ ಡೆನ್ಮಾರ್ಕ್ ತನ್ನ ಹಿತಗಳನ್ನು ವಿಸ್ತರಿಸಿಕೊಳ್ಳುವುದಕ್ಕೆ ಆಕ್ಷೇಪಣೆಯಿಲ್ಲವೆಂದು ಅಮೆರಿಕವು ಲಿಖಿತವಾಗಿ ಘೋಷಿಸಿತು.

ದ್ವಿತೀಯ ಮಹಾಯುದ್ಧವು ಪರಿಸ್ಥಿತಿಯನ್ನು ಮಾರ್ಪಡಿಸಿತು. 1940ರ ಏಪ್ರಿಲ್ 9ರಂದು ಜರ್ಮನಿಯು ಡೆನ್ಮಾರ್ಕನ್ನು ಆಕ್ರಮಿಸಿತು. ಸರಿಯಾಗಿ ಒಂದು ವರ್ಷದ ತರುವಾಯ, ವಾಷಿಂಗ್‌ಟನ್ನಿನಲ್ಲಿದ್ದ ಡೆನ್ಮಾರ್ಕಿನ ರಾಜಪ್ರತಿನಿಧಿ ಹೆನ್ರಿಕ್ ಕೌಫ್‌ಮನ್ ಸ್ವದೇಶದ ಸರ್ಕಾರದ ಅನುಮತಿಯಿಲ್ಲದೆಯೇ ದ್ವೀಪದ ರಕ್ಷಣೆಯನ್ನು ಅಮೆರಿಕಕ್ಕೆ ವಹಿಸುವ ಒಪ್ಪಂದಕ್ಕೆ ಸಹಿ ಹಾಕಿದನು. ವಿಮಾನಗಳಿಗೆ ಅಲ್ಲಿ ತಂಗುದಾಣ ಬೇಕಾಗಿದ್ದಿತು. ಯೂರೋಪಿನ ಹವಾಮಾನದ ಮುನ್ಸೂಚನೆಯು ಅಲ್ಲಿ ದೊರೆಯುತ್ತಿದ್ದಿತು. ಅಲ್ಯೂಮಿನಿಯಂ ತಯಾರಿಕೆಗೆ ಬೇಕಾದ ಕ್ರಯೊಲೈಟ್ ಖನಿಜವು ಇವಿತ್ತೂಟ್ ಗಣಿಯಲ್ಲಿದ್ದಿತು.

ಯುದ್ಧಾನಂತರ ರಷ್ಯದ ಭಯವು ತಲೆದೋರಿತು. ಗೋಳವನ್ನು ನೋಡಿದರೆ, ಉತ್ತರ ಅಮೆರಿಕಕ್ಕೂ ಸೋವಿಯತ್ ಒಕ್ಕೂಟಕ್ಕೂ ನಡುವಣ ಹತ್ತಿರದ ಆಕಾಶಮಾರ್ಗಗಳು ಉತ್ತರಧ್ರುವದ ಕಡೆಯಿಂದ ಹಾಯುತ್ತವೆಂಬುದು ಸ್ಪಷ್ಟವಾಗುತ್ತದೆ. 1946ರಲ್ಲಿ ಅಮೆರಿಕವು ಹತ್ತು ಕೋಟಿ ಡಾಲರಿಗೆ ದ್ವೀಪವನ್ನು ಕೇಳಿತು, ಡೆನ್ಮಾರ್ಕ್ ಮಾರಲಿಲ್ಲ. ಆದರೂ 1951ರ ರಕ್ಷಣಾ ಒಪ್ಪಂದದ ಮೂಲಕ ಅಮೆರಿಕಕ್ಕೆ ನೆಲೆಗಳು ದೊರೆತವು. ವಾಯವ್ಯ ತೀರದಲ್ಲಿ ಥೂಲೆ ನೆಲೆಯೆದ್ದಿತು. ಮುಂದೆ ಕ್ಷಿಪಣಿಗಳ ಸುಳಿವು ಹಿಡಿಯುವ ರೇಡಾರುಗಳೂ ಅಲ್ಲಿ ಸ್ಥಾಪಿತವಾದವು.

ಇದರ ಬೆಲೆಯನ್ನು ತೆತ್ತವರು ಸ್ಥಳೀಯರು. 1953ರಲ್ಲಿ ನೆಲೆಯ ಪಕ್ಕದಲ್ಲಿದ್ದ ಇನುಗ್ವಿಟ್ ಬೇಟೆಗಾರ ಕುಟುಂಬಗಳನ್ನು ನೂರು ಕಿಲೋಮೀಟರಿಗೂ ಹೆಚ್ಚು ದೂರದ ಖಾನಾಕಿಗೆ ಎಬ್ಬಿಸಲಾಯಿತು. ಅದು ಬಲಾತ್ಕಾರದ ಸ್ಥಳಾಂತರವೆಂದು ಡೆನ್ಮಾರ್ಕಿನ ನ್ಯಾಯಾಲಯವು ನಿರ್ಣಯಿಸಿ ಪರಿಹಾರ ವಿಧಿಸಿದುದು 1999ರಲ್ಲಿ. 1968ರ ಜನವರಿ 21ರಂದು ನಾಲ್ಕು ಹೈಡ್ರೋಜನ್ ಬಾಂಬುಗಳನ್ನು ಹೊತ್ತ ವಿಮಾನವೊಂದು ಥೂಲೆಯ ಬಳಿ ಹಿಮಗಟ್ಟಿದ ಕಡಲಿನ ಮೇಲೆ ಬಿದ್ದು, ಪ್ಲುಟೋನಿಯಂ ಅಲ್ಲಿ ಚೆದರಿತು.

2004ರಲ್ಲಿ 1951ರ ಒಪ್ಪಂದವನ್ನು ತಿದ್ದಿದಾಗ ಗ್ರೀನ್‌ಲ್ಯಾಂಡಿನ ಪ್ರತಿನಿಧಿಯೂ ಸಹಿ ಹಾಕಿದನು. 2009ರ ಶಾಸನವು ಅಲ್ಲಿನವರನ್ನು ಸ್ವನಿರ್ಣಯದ ಹಕ್ಕುಳ್ಳ ಜನತೆಯೆಂದು ಅಂಗೀಕರಿಸಿತು. 2019ರಲ್ಲಿ ಅಧ್ಯಕ್ಷ ಟ್ರಂಪ್ ಕ್ರಯದ ಮಾತನ್ನೆತ್ತಿ, 2025ರಲ್ಲಿ ಅದನ್ನು ಪುನಃ ಮುಂದಿಟ್ಟಾಗ, ದ್ವೀಪವು ವಿಕ್ರಯಕ್ಕಿಲ್ಲವೆಂಬ ಉತ್ತರವು ಗ್ರೀನ್‌ಲ್ಯಾಂಡಿನಿಂದಲೇ ಬಂದಿತು.

ಇಷ್ಟರಿಂದ ಒಂದಂಶ ಸಿದ್ಧವಾಗುತ್ತದೆ. ಎಂಟು ದಶಕಗಳಿಂದ ಅಮೆರಿಕದ ರಕ್ಷಣೆಗೆ ಬೇಕಾದುದೆಲ್ಲವೂ ಕ್ರಯಪತ್ರವಿಲ್ಲದೆ, ಒಪ್ಪಂದಗಳ ಮೂಲಕವೇ ದೊರೆತಿದೆ. ಮಾರ್ಪಟ್ಟಿರುವುದು, ಆ ಒಪ್ಪಂದಕ್ಕೆ ಯಾರ ಸಮ್ಮತಿ ಬೇಕೆಂಬುದು. 1941ರಲ್ಲಿ ಒಬ್ಬ ರಾಜಪ್ರತಿನಿಧಿಯ ಸಹಿ ಸಾಕಾಗಿದ್ದಿತು; ಇಂದು ಆ ನೆಲದ ಜನರನ್ನು ಕೇಳದೆ ಮುಂದುವರಿಯುವುದು ನ್ಯಾಯವೆನಿಸಲಾರದು.