ಅಳಿವೆಯ ಹೂಳು ಎತ್ತುವ ಅಪ್ಪಣೆಯೂ ನಮ್ಮ ತೋಟದ ಬಾವಿಯೂ



ಹೂಳೆತ್ತುವುದು ಎಂದರೆ ನಮ್ಮ ಬೆಳೆಗಾರರ ಕಿವಿಗೆ ಒಳ್ಳೆಯ ಮಾತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡು ತಂದು ಅಡಿಕೆಯ ಬುಡಕ್ಕೆ ಹಾಕುವುದು ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಆದರೆ ಕರಾವಳಿಯ ಅಳಿವೆಗಳಲ್ಲಿ ಹಡಗು, ದೋಣಿಗಳ ದಾರಿಗಾಗಿ ಯಂತ್ರದಿಂದ ಎತ್ತುವ ಹೂಳಿನ ವಿಚಾರ ಬೇರೆ. ಅದಕ್ಕೆ ಅಪ್ಪಣೆ ಕೊಡುವ ಕ್ರಮವೂ ಬೇರೆ, ಅದರ ಪರಿಣಾಮವೂ ಬೇರೆ. ಇಂಥ ಕಾಮಗಾರಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ‘ಅದು ಮೀನುಗಾರರಿಗೆ ಸಂಬಂಧಪಟ್ಟದ್ದು’ ಎಂದು ನಮ್ಮಲ್ಲಿ ಅನೇಕರು ಪುಟ ತಿರುವಿಬಿಡುತ್ತಾರೆ. ಅದು ನಮ್ಮ ಬಾವಿಗೂ ಸಂಬಂಧಪಟ್ಟದ್ದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸಗರನಾಡಿನ ಪಾಠ

ಮೊದಲು ಸಮುದ್ರದಿಂದ ಬಹುದೂರದ ಒಂದು ಸೀಮೆಯನ್ನು ನೋಡೋಣ. ಯಾದಗಿರಿ, ಶಹಾಪುರ, ಸುರಪುರಗಳ ಸಗರನಾಡು ಕಾಫಿ, ಅಡಿಕೆಯ ಸೀಮೆಯಲ್ಲ. ಜೋಳ, ತೊಗರಿ, ಹತ್ತಿಯ ಎರೆಭೂಮಿ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯಿಂದ ಕೃಷ್ಣೆಯ ನೀರು ಆ ಹೊಲಗಳಿಗೆ ಹರಿಯಿತು. ನೀರಿನಿಂದ ಆ ನಾಡಿಗೆ ಆದ ಉಪಕಾರ ದೊಡ್ಡದು. ಆದರೆ ಬಸಿದುಹೋಗಲು ದಾರಿಯಿಲ್ಲದ ಕಡೆ ಹೆಚ್ಚು ನೀರು ನಿಲ್ಲಿಸಿ ಭತ್ತ ಬೆಳೆದಲ್ಲೆಲ್ಲ ಕೆಲವೇ ವರ್ಷಗಳಲ್ಲಿ ಅಂತರ್ಜಲ ಮೇಲೇರಿ, ಮಣ್ಣಿನಲ್ಲಿದ್ದ ಉಪ್ಪೂ ಮೇಲೆ ಬಂದು ಭೂಮಿ ಸವಳು-ಜವಳಾಯಿತು. ಅಂಥ ಹೊಲವನ್ನು ಮತ್ತೆ ಹದಕ್ಕೆ ತರುವುದು ಸುಲಭದ ಕೆಲಸವಲ್ಲವೆಂದು ಅಲ್ಲಿನ ರೈತರನ್ನು ಕೇಳಿದರೆ ತಿಳಿಯುತ್ತದೆ.

ಉಪ್ಪು ಸದ್ದಿಲ್ಲದೆ ಬರುತ್ತದೆ. ಕಾಮಗಾರಿಯ ಬಿಲ್ಲು ಪಾವತಿಯಾಗಿ, ಗುತ್ತಿಗೆದಾರ ಹೋದ ಮೇಲೆ ಕಾಣಿಸುತ್ತದೆ. ಆಗ ಯಾರನ್ನು ಕೇಳಬೇಕು? ಅಳಿವೆಯ ವಿಚಾರದಲ್ಲಿಯೂ ಈ ಮಾತು ನಮ್ಮ ನೆನಪಿನಲ್ಲಿರಬೇಕು.

ಅಪ್ಪಣೆಯ ವಿಷಯದಲ್ಲಿ ಮಾತ್ರ ಎರಡೂ ಕಡೆಗೆ ವ್ಯತ್ಯಾಸವಿದೆ. ಅಣೆಕಟ್ಟು, ನದಿ, ಕಾಲುವೆಗಳ ಪಾಲನೆಗಾಗಿ ಹೂಳು ತೆಗೆಯುವುದಕ್ಕೆ ಪೂರ್ವಭಾವಿ ಪರಿಸರ ಅನುಮತಿ ಬೇಡವೆಂದು ಕೇಂದ್ರ ಸರ್ಕಾರ 2016ರ ಜನವರಿ 15ರ ಅಧಿಸೂಚನೆಯಲ್ಲಿ ವಿನಾಯಿತಿ ಕೊಟ್ಟಿದೆ. ಸಗರನಾಡಿನ ಕಾಲುವೆಯ ಹೂಳು ಈ ಲೆಕ್ಕಕ್ಕೆ ಸೇರುತ್ತದೆ. ಬಂದರಿನ ದಾರಿಯನ್ನು ಹೊಸದಾಗಿ ಆಳ ಮಾಡುವುದು ಸೇರುವುದಿಲ್ಲ. ಅದೇ ವರ್ಷದ ರಾಷ್ಟ್ರೀಯ ಜಲಮಾರ್ಗ ಕಾಯಿದೆಯ ಪಟ್ಟಿಯಲ್ಲಿ ಗಲಗಲಿಯವರೆಗಿನ ಕೃಷ್ಣೆ, ಭೀಮೆಗಳ ಜೊತೆಗೆ ಕರಾವಳಿಯ ನೇತ್ರಾವತಿ, ಗುರುಪುರ ಹೊಳೆ, ಶರಾವತಿ, ಕಾಳಿ ನದಿಗಳೂ ಇವೆ. ಆದ್ದರಿಂದ ಹೊಳೆಯನ್ನು ಆಳ ಮಾಡುವ ಮಾತು ಇಂದಲ್ಲ ನಾಳೆ ಬರತಕ್ಕದ್ದೇ.

ನಮಗೆ ಬಂದರು ಬೇಡವೆಂದಲ್ಲ

ನಾವು ಬಂದರಿನ ವಿರೋಧಿಗಳಲ್ಲ. ದೇಶದಲ್ಲಿ ಬೆಳೆಯುವ ಕಾಫಿಯ ಬಹುಭಾಗ ಪರದೇಶಕ್ಕೆ ಹೋಗುವುದು ಹಡಗಿನಲ್ಲಿ; ನಾವು ತೋಟಕ್ಕೆ ಹಾಕುವ ಪೊಟ್ಯಾಷ್ ಬರುವುದೂ ಹಡಗಿನಲ್ಲಿ. ನೇತ್ರಾವತಿ, ಗುರುಪುರ ಹೊಳೆಗಳು ಸೇರುವ ಮಂಗಳೂರಿನ ಹಳೆಬಂದರಿನಲ್ಲಿ ಮರಳದಿಣ್ಣೆಯ ತೊಂದರೆಯಿಂದ ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಮಳೆಗಾಲದಲ್ಲಿ ವ್ಯಾಪಾರವೇ ನಿಂತುಹೋಗುತ್ತಿತ್ತು. ಅದಕ್ಕಾಗಿಯೇ ಪಣಂಬೂರಿನಲ್ಲಿ ನೆಲ ಅಗೆದು, ಹೂಳು ಎತ್ತಿ ಸರ್ವಋತು ಬಂದರು ಕಟ್ಟಲಾಯಿತು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಹಳೆಬಂದರಿನ ಅಳಿವೆಬಾಗಿಲಿನಲ್ಲಿ ಹೂಳು ತುಂಬಿ ಮೀನುಗಾರರ ದೋಣಿಗಳು ಇಂದಿಗೂ ಅಪಾಯಕ್ಕೆ ಸಿಕ್ಕುತ್ತವೆ. ಅವರಿಗೆ ದಾರಿ ಬೇಕು. ನಮ್ಮ ಪ್ರಶ್ನೆ ಎಷ್ಟು ಆಳ, ಯಾವ ಷರತ್ತಿನ ಮೇಲೆ ಎಂಬುದಷ್ಟೆ.

ಉಪ್ಪು ಹೊಳೆಯಲ್ಲಿ ಹೇಗೆ ಏರುತ್ತದೆ

ಸಮುದ್ರದ ನೀರು ಸಿಹಿನೀರಿಗಿಂತ ಭಾರ. ಭರತದ ಹೊತ್ತಿನಲ್ಲಿ ಅದು ಹೊಳೆಯ ತಳ ಹಿಡಿದು ಮೇಲಕ್ಕೆ ಸರಿಯುತ್ತದೆ. ಅಳಿವೆಬಾಗಿಲಿನ ಮರಳದಿಣ್ಣೆ ಒಂದು ಹೊಸ್ತಿಲಿದ್ದಂತೆ; ಅದನ್ನು ತೆಗೆದು ತಳವನ್ನು ಆಳ ಮಾಡಿದಷ್ಟೂ ಉಪ್ಪುನೀರಿಗೆ ಒಳದಾರಿ ಸುಲಭವಾಗುತ್ತದೆ. ಮಳೆಗಾಲದಲ್ಲಿ ಹೊಳೆಯ ಸೆಳೆತ ಅದನ್ನು ಹೊರಕ್ಕೆ ತಳ್ಳುತ್ತದೆ. ಮಾರ್ಚಿಯಿಂದ ಮೇ ತನಕ ಸೆಳೆತವಿಲ್ಲದಾಗ ತಳ್ಳುವವರಿಲ್ಲ. ನಾವು ತೋಟಕ್ಕೆ ನೀರು ಹಾಯಿಸುವುದೂ ಅದೇ ತಿಂಗಳುಗಳಲ್ಲಿ. ನೇತ್ರಾವತಿಗೆ ಅಡ್ಡಲಾಗಿ ಹರೇಕಳ–ಅಡ್ಯಾರು ನಡುವೆ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು ಕಟ್ಟಬೇಕಾಗಿ ಬಂದದ್ದನ್ನು ನೋಡಿದರೆ ತೊಂದರೆ ಕಲ್ಪನೆಯದ್ದಲ್ಲವೆಂದು ತಿಳಿಯುತ್ತದೆ.

ಅಳಿವೆಯಲ್ಲಿ ಸಿಹಿ-ಉಪ್ಪಿನ ತೂಕ ಸ್ವಲ್ಪ ಬದಲಾದರೂ ಜನರ ಜೀವನ ಬದಲಾಗುತ್ತದೆಂಬುದಕ್ಕೆ ಉತ್ತರ ಕನ್ನಡದಲ್ಲಿ ಉದಾಹರಣೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುದಾಗಾರಗಳ ನೀರು ವರ್ಷವಿಡೀ ಹರಿದು ಶರಾವತಿಯ ಅಳಿವೆಯಲ್ಲಿ ಉಪ್ಪು ಕಡಿಮೆಯಾಯಿತು. ಚಿಪ್ಪುಮೀನಿನ ಸಂಪತ್ತೂ ಕುಗ್ಗಿತು. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಅದು ಉಳಿಯಿತು. ಅಲ್ಲಿ ಉಪ್ಪು ತಗ್ಗಿ ಮೀನುಗಾರರಿಗೆ ನಷ್ಟವಾಯಿತು. ಉಪ್ಪು ಹೆಚ್ಚಿದರೆ ನಷ್ಟ ತೋಟಿಗರದ್ದು.

ಕಾಯಿದೆಯ ಗೆರೆ, ತೋಟದ ಗೆರೆ

ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕಾದ ಮಾತು ಇದು. 1991ರಲ್ಲಿ ಮೊದಲು ಹೊರಟು, 2011ರಲ್ಲಿ ಹಾಗೂ 2019ರಲ್ಲಿ ಹೊಸದಾಗಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊಳೆಯಲ್ಲಿಯೂ ಒಳಕ್ಕೆ ಬರುತ್ತದೆ. ಎಲ್ಲಿಯವರೆಗೆ? ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವಲ್ಲಿಯವರೆಗೆ, ಅಂದರೆ ಲೀಟರಿಗೆ ಸುಮಾರು 5 ಗ್ರಾಂ. ಸಮುದ್ರದ ನೀರಿನಲ್ಲಿ ಇದು ಸುಮಾರು 35 ಗ್ರಾಂ. 2019ರ ಅಧಿಸೂಚನೆಯಂತೆ ಹೊಳೆಯ ದಡದಲ್ಲಿ ವಲಯದ ಅಗಲ 50 ಮೀಟರು ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು.

ಇನ್ನು ನೀರಾವರಿಯ ಲೆಕ್ಕ ನೋಡಿರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಲೀಟರಿಗೆ ಅರ್ಧ ಗ್ರಾಮಿನೊಳಗೆ ಲವಣವಿದ್ದರೆ ಚಿಂತೆಯಿಲ್ಲ. 2 ಗ್ರಾಂ ಮೀರಿದರೆ ಆ ನೀರನ್ನು ಬಳಸಲು ತೀವ್ರ ನಿರ್ಬಂಧ. ತೆಂಗು ಉಪ್ಪನ್ನು ಅಷ್ಟಿಷ್ಟು ತಾಳೀತು. ಅಡಿಕೆಗೆ ಆ ತಾಳಿಕೆಯಿಲ್ಲ.

ಇದರ ಅರ್ಥವೇನು? ಕಾಯಿದೆಯ ನಕ್ಷೆಯಲ್ಲಿ ಉಪ್ಪಿನ ಗೆರೆ ಮುಗಿಯುವಲ್ಲಿಯೂ ನೀರಿನ ಉಪ್ಪು ತೋಟ ತಾಳುವುದಕ್ಕಿಂತ ಎರಡೂವರೆ ಪಟ್ಟು ಇರುತ್ತದೆ. ಆ ಗೆರೆಯಿಂದ ಮೇಲಿರುವ ಬೆಳೆಗಾರ ನಕ್ಷೆ ನೋಡಿ ‘ನಾನು ವಲಯದ ಹೊರಗೆ’ ಎಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಕಾಗದದ ಮೇಲೆ ಅವನು ಹೊರಗಿರಬಹುದು. ಅವನ ಬಾವಿ ಒಳಗಿರಬಹುದು.

ಅಪ್ಪಣೆ ಸಿಗುವ ಕ್ರಮ

ಬಂದರು, ಅಲೆತಡೆ ಗೋಡೆ ಮತ್ತು ಹಡಗುದಾರಿಯ ಹೂಳೆತ್ತುವಿಕೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಗೆ ಒಳಪಟ್ಟಿವೆ. ವರ್ಷಕ್ಕೆ 50 ಲಕ್ಷ ಟನ್ ಅಥವಾ ಹೆಚ್ಚು ಸರಕು ಸಾಗಿಸುವ ಬಂದರಾದರೆ ತೀರ್ಮಾನ ಕೇಂದ್ರದ್ದು. ಅದಕ್ಕೆ ಕಡಿಮೆಯಾದರೆ ಸಾಮಾನ್ಯವಾಗಿ ರಾಜ್ಯಮಟ್ಟದ ಪ್ರಾಧಿಕಾರದ್ದು. ಇಲ್ಲಿ ಒಂದು ಸೂಕ್ಷ್ಮವಿದೆ. ದಾರಿಯನ್ನು ಮೊದಲ ಸಲ ಆಳ ಮಾಡುವುದಕ್ಕೆ ಅನುಮತಿ ಬೇಕು. ಮೂಲ ಯೋಜನೆಯಲ್ಲಿಯೇ ಸೇರಿಸಿ ಅನುಮತಿ ಪಡೆದಿದ್ದರೆ ಮುಂದೆ ಪಾಲನೆಗಾಗಿ ಮತ್ತೆ ಮತ್ತೆ ಹೂಳೆತ್ತಲು ಬೇಕಿಲ್ಲ. ಆದ್ದರಿಂದ ಕೇಳುವುದಿದ್ದರೆ ಮೊದಲ ಸಲವೇ ಕೇಳಬೇಕು.

ಸಾರ್ವಜನಿಕ ಆಲಿಕೆ ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಗೆ ಕೋರಂ ಇಲ್ಲ: ಹತ್ತು ಜನ ಬಂದರೂ ಸಭೆ ಸಭೆಯೇ. ಬರಲಾಗದವರು ಬರೆದು ಕಳಿಸಬಹುದು. ಕೊನೆಯಲ್ಲಿ ನಡವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ನಮ್ಮ ಮಾತು ದಾಖಲಾಗಿದೆಯೇ ಎಂದು ಅಲ್ಲಿಯೇ ಕೇಳಿ ತಿಳಿಯಬೇಕು. ಅನುಮತಿಯ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಲು 30 ದಿನದ ಅವಧಿ.

ಕಾರವಾರದ ಬಂದರು ವಿಸ್ತರಣೆಯ ಬಗ್ಗೆ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದದ್ದು, ವಿಷಯ ಹೈಕೋರ್ಟಿಗೆ ಹೋದದ್ದು ಸದಸ್ಯರಿಗೆ ನೆನಪಿರಬಹುದು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿಯೂ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಕೆಲಸ ಶುರುವಾದ ಮೇಲೆ ಬೀದಿಗಿಳಿಯುವುದಕ್ಕಿಂತ ಆಲಿಕೆ ಸಭೆಯಲ್ಲಿ ಲೆಕ್ಕ ಇಟ್ಟು ಮಾತಾಡುವುದು ಕಡಿಮೆ ಖರ್ಚಿನ ದಾರಿ.

ಕೇಳಬೇಕಾದ ಪ್ರಶ್ನೆಗಳು

1. ದಾರಿ ಆಳವಾದ ಮೇಲೆ ಏಪ್ರಿಲ್–ಮೇ ತಿಂಗಳಲ್ಲಿ ಲೀಟರಿಗೆ ಅರ್ಧ ಗ್ರಾಂ ಮತ್ತು 2 ಗ್ರಾಂ ಉಪ್ಪು ಎಲ್ಲಿಯವರೆಗೆ ಏರುತ್ತದೆ? 5 ಗ್ರಾಮಿನ ಲೆಕ್ಕ ಮಾತ್ರ ಕೊಟ್ಟರೆ ಸಾಲದು.

2. ಎತ್ತಿದ ಹೂಳು ಎಲ್ಲಿಗೆ ಹೋಗುತ್ತದೆ? ದಡದಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೆ ಅದರ ಉಪ್ಪು ಪಕ್ಕದ ಗದ್ದೆ, ಬಾವಿಗಳಿಗೆ ಇಳಿಯುತ್ತದೆ. ಪುಕ್ಕಟೆ ಸಿಗುತ್ತದೆಂದು ಅದನ್ನು ಕೆರೆಗೋಡೆಂದು ತಿಳಿದು ಯಾರೂ ತೋಟಕ್ಕೆ ತರಬಾರದು.

3. ಕಾಮಗಾರಿಯ ಮೊದಲೂ ಅನಂತರವೂ ಯಾವ ಬಾವಿಗಳ ನೀರನ್ನು ಪರೀಕ್ಷಿಸುತ್ತಾರೆ? ಉಪ್ಪು ಏರಿದರೆ ಪರಿಹಾರ ಯಾರು ಕೊಡುತ್ತಾರೆ? ಇದು ಅನುಮತಿಯ ಷರತ್ತಿನಲ್ಲಿ ಬರೆದಿರಬೇಕು.

ಘಟ್ಟದ ಮೇಲಿನ ಸದಸ್ಯರಿಗೆ

ಕಾಫಿ ಬೆಳೆಗಾರರಾದ ಸದಸ್ಯರು ಇದು ಕೆಳಗಿನವರ ಚಿಂತೆಯೆಂದು ಭಾವಿಸಬಾರದು. ಸಕಲೇಶಪುರದ ಪಶ್ಚಿಮದ ಹಳ್ಳಗಳು ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತವೆ. ಅಂಥ ಇಳಿಜಾರಿನಿಂದ ತೊಳೆದುಹೋದ ಮಣ್ಣು ಅಳಿವೆಯಲ್ಲಿ ಹೂಳಾಗುತ್ತದೆ. ತೊಟ್ಟಿಲುಗುಂಡಿ ತೋಡಿ ಮಣ್ಣನ್ನು ತೋಟದಲ್ಲಿಯೇ ಹಿಡಿದರೆ ನಮ್ಮ ಗೊಬ್ಬರವೂ ಉಳಿಯುತ್ತದೆ, ಕೆಳಗೆ ಎತ್ತಬೇಕಾದ ಹೂಳೂ ಕಡಿಮೆಯಾಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಹೊಳೆಬದಿಯ ಸದಸ್ಯರು ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ತಮ್ಮ ಬಾವಿಯ ನೀರನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ಬೇರೆ ಪ್ರಯೋಗಾಲಯದಲ್ಲಿಯೋ ಪರೀಕ್ಷೆ ಮಾಡಿಸಿ, ತಾರೀಖು ಸಹಿತ ಚೀಟಿಯನ್ನು ಇಟ್ಟುಕೊಳ್ಳಬೇಕು. ಅದರ ಒಂದು ಪ್ರತಿಯನ್ನು ಸಂಘದ ಕಚೇರಿಗೆ ಕೊಡಬೇಕು. ಕಾಮಗಾರಿಗೆ ಮೊದಲು ನೀರು ಹೇಗಿತ್ತು ಎಂಬುದಕ್ಕೆ ಕಾಗದವಿಲ್ಲದಿದ್ದರೆ ನಂತರ ಕೆಟ್ಟಿತೆಂದು ಹೇಳಿ ಯಾರನ್ನೂ ಒಪ್ಪಿಸಲಾಗದು. ಮೂರು ವರ್ಷದ ಚೀಟಿಗಳು ಕೈಯಲ್ಲಿದ್ದರೆ ಯಾವ ಆಲಿಕೆ ಸಭೆಯಲ್ಲಿಯೂ ಸಣ್ಣ ಬೆಳೆಗಾರನ ಮಾತಿಗೆ ತೂಕವಿರುತ್ತದೆ.