ಬೆಕ್ಕಿನ ಲೆಕ್ಕ

ನಾನು ವೃತ್ತಿಯಿಂದ ಗಣಿತದ ಮಾಸ್ತರ. ಆಳಂದದಲ್ಲಿ 9 ವರ್ಷ, ಅಫಜಲಪುರದಲ್ಲಿ 11 ವರ್ಷ, ಉಳಿದ ವರ್ಷಗಳೆಲ್ಲ ಜೇವರ್ಗಿಯಲ್ಲಿ. ಹೀಗೆ ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳ ಮಕ್ಕಳಿಗೆ ಕೂಡುವುದನ್ನೂ ಕಳೆಯುವುದನ್ನೂ ಕಲಿಸಿ ನಿವೃತ್ತನಾದವನು. ಈ ಮೂರೂ ಊರುಗಳಲ್ಲಿ ನನ್ನ ಮನೆಯಲ್ಲಿ ಬೆಕ್ಕು ಇತ್ತು. ಆದರೆ ಒಂದು ಬೆಕ್ಕನ್ನು ಸಾಕಲು ಏನು ತಗಲುತ್ತದೆಂಬ ಲೆಕ್ಕವನ್ನು ನಾನು ಮೊದಲ ಬಾರಿಗೆ ಮಾಡಿದ್ದು 66ನೆಯ ವಯಸ್ಸಿನಲ್ಲಿ. ಅದೂ ಒಂದು ಮರಿಯನ್ನು ನನ್ನ ಕೈಯಾರೆ ಕಳೆದುಕೊಂಡ ಮೇಲೆ.

ಆಳಂದದ ಬೆಕ್ಕನ್ನು ನಾವು ನಮ್ಮದೆಂದು ಹೇಳಿಕೊಳ್ಳುತ್ತಿದ್ದೆವು. ಅದು ಮಾತ್ರ ಹಾಗೆಂದು ಒಪ್ಪಿಕೊಂಡಂತೆ ಕಾಣಲಿಲ್ಲ. ಲಾಡ್ಲೆ ಮಶಾಕರ ದರ್ಗಾಕ್ಕೆ ಬರುವ ಯಾತ್ರಿಕರ ಬುತ್ತಿಯಿಂದ ಹಿಡಿದು ನಮ್ಮ ಓಣಿಯ ಜೋಳದ ಚೀಲಗಳ ಹಿಂದಿನ ಇಲಿಯವರೆಗೆ ಎಲ್ಲವೂ ಅದರ ಸ್ವತ್ತು. ನಮ್ಮ ಮನೆಯಿಂದ ಅದಕ್ಕೆ ಸಲ್ಲುತ್ತಿದ್ದುದು ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯ ಚೂರು ಮಾತ್ರ. ಖರ್ಚು ಸೊನ್ನೆ. ಅಫಜಲಪುರದಲ್ಲಿಯೂ ಹಾಗೆಯೆ. ಅಲ್ಲಿ ಭೀಮೆ ಹತ್ತಿರ; ನೆರೆಮನೆಯವರು ಮೀನು ಹೆಚ್ಚುವ ದಿನ ಬೆಕ್ಕು ನಮ್ಮ ಮನೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬೆಕ್ಕು ಸಾಕುವುದೆಂದರೆ ಬಿಟ್ಟಿಯಾಗಿ ಬರುವ ಒಂದು ಶೋಭೆ ಎಂದು ನಾನು ಬಹುಕಾಲ ನಂಬಿದ್ದೆ.

ಈ ನಂಬಿಕೆಯಲ್ಲಿದ್ದ ದೋಷ ಹೊಳೆದದ್ದು ತೀರ ಈಚೆಗೆ. ಆಳಂದದಲ್ಲಿ 9 ವರ್ಷಗಳಲ್ಲಿ ನಮ್ಮಲ್ಲಿದ್ದುದು ಒಂದು ಬೆಕ್ಕಲ್ಲ, ಐದು. ಒಂದು ಕಾಣೆಯಾದ ಮೇಲೆ ಇನ್ನೊಂದು ಬಂದು ಅದೇ ಹೆಸರಿಗೆ ಓಗೊಡುತ್ತಿದ್ದುದರಿಂದ ನಮಗೆ ಹೋದದ್ದರ ನೆನಪು ಉಳಿಯಲಿಲ್ಲ. ಅಫಜಲಪುರದ ಬೆಕ್ಕು ಪಾಷಾಣ ತಿಂದ ಇಲಿಯನ್ನು ತಿಂದು ಅಂಗಳದಲ್ಲಿ ಒದ್ದಾಡಿ ಸತ್ತಿತು. ಅಂದರೆ ಖರ್ಚು ಸೊನ್ನೆಯಾಗಿರಲಿಲ್ಲ. ಅದನ್ನು ನಾವು ಕೊಡುತ್ತಿರಲಿಲ್ಲ, ಬೆಕ್ಕು ಕೊಡುತ್ತಿತ್ತು.

ಕಳೆದ ಪುಷ್ಯಮಾಸದಲ್ಲಿ, ತೊಗರಿಯ ರಾಶಿ ಮುಗಿದು ಅದರ ಕಟ್ಟಿಗೆ ಹಿತ್ತಲಿಗೆ ಬಂದು ಬಿದ್ದ ದಿನಗಳಲ್ಲಿ, ಆ ಕಟ್ಟಿಗೆಯ ಒಟ್ಟಿಲಿನೊಳಗಿಂದ ಎರಡು ಮರಿಗಳ ದನಿ ಕೇಳಿತು. ಒಂದು ಕಪ್ಪು, ಇನ್ನೊಂದು ಹಳದಿ ಪಟ್ಟೆಯದು. ಕಣ್ಣು ತೆರೆದು ನಾಲ್ಕೈದು ದಿನವಾಗಿದ್ದೀತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂಬ ಮಾತನ್ನು ನಾನು ತೊಟ್ಟಿಲಿನಲ್ಲಿದ್ದಾಗಿನಿಂದ ಕೇಳಿದವನು. ಆದರೂ ತಾಯಿ ಒಂದನ್ನು ಮುಂದಿನ ಮನೆಗೆ ಒಯ್ದಿರಬಹುದು, ಉಳಿದವುಗಳಿಗಾಗಿ ಮರಳಿ ಬರಬಹುದು ಎಂದು ನನಗೆ ತೋಚಲಿಲ್ಲ. ಬೆಚ್ಚಗಿದ್ದು, ಹೊಟ್ಟೆ ತುಂಬಿದಂತೆ ಕಾಣುವ ಮರಿಗಳನ್ನು ಕೆಲವು ಗಂಟೆಗಳ ಕಾಲ ದೂರದಿಂದ ಕಾದು ನೋಡಬೇಕು. ತಾಯಿ ಬಾರದಿದ್ದರೆ ಮಾತ್ರ ಕೈಹಾಕಬೇಕು. ನಾನು ಕಾಯಲಿಲ್ಲ. ದಯೆಗೆ ಆತುರ ಹೆಚ್ಚು. ಎರಡನ್ನೂ ಪಂಚೆಯ ಸೆರಗಿನಲ್ಲಿ ಎತ್ತಿಕೊಂಡು ಬಂದು ಆಕಳ ಹಾಲನ್ನು ಬತ್ತಿಯಿಂದ ಕುಡಿಸಿದೆ.

ಬೆಕ್ಕಿಗೆ ಹಾಲು ಎಂಬುದು ನಮ್ಮ ಗಾದೆಗಳಲ್ಲಿ, ಕಥೆಗಳಲ್ಲಿ, ಒಂದನೆಯ ತರಗತಿಯ ಚಿತ್ರಗಳಲ್ಲಿ ಹಾಸುಹೊಕ್ಕಾಗಿರುವ ಸಂಗತಿ. ವಿಜಯನಗರದ ಅರಸನು ಇಲಿಗಳ ಕಾಟಕ್ಕೆಂದು ಮನೆಗೊಂದು ಬೆಕ್ಕನ್ನು ಹಂಚಿ, ಅದರ ಹಾಲಿಗೆಂದು ಒಂದೊಂದು ಆಕಳನ್ನೂ ಕೊಟ್ಟನೆಂದೂ, ತೆನಾಲಿ ರಾಮಕೃಷ್ಣ ಬಿಸಿ ಹಾಲಿಟ್ಟು ತನ್ನ ಬೆಕ್ಕಿಗೆ ಹಾಲೆಂದರೆ ಓಡುವಂತೆ ಮಾಡಿದನೆಂದೂ ಕೇಳಿ ನಾವೆಲ್ಲ ನಕ್ಕಿದ್ದೇವೆ. ರಾಮಕೃಷ್ಣ ಮಾಡಿದ್ದು ಕ್ರೌರ್ಯವೇ ಸರಿ. ಆದರೆ ಆಕಳ ಹಾಲು ಬೆಕ್ಕಿನ ಆಹಾರವಲ್ಲವೆಂಬ ಮಟ್ಟಿಗೆ ಅವನ ಬೆಕ್ಕು ಅರಸನಿಗಿಂತ ಹೆಚ್ಚು ತಿಳಿದಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಮೇಲೆ ಗಾದೆಯಿದೆ. ಕಣ್ಣು ಮುಚ್ಚಿ ಹಾಲು ಕುಡಿಸುವ ಮನುಷ್ಯನ ಮೇಲೆ ಯಾರೂ ಗಾದೆ ಕಟ್ಟಲಿಲ್ಲ.

ಮೂರನೆಯ ದಿನ ಎರಡೂ ಮರಿಗಳಿಗೆ ಭೇದಿ ಹತ್ತಿತು. ನಾಲ್ಕನೆಯ ರಾತ್ರಿ ಚಳಿ ಬಲವಾಗಿತ್ತು. ಬೆಳಗಿನ ಜಾವ ಎದ್ದು ನೋಡಿದಾಗ ಕಪ್ಪು ಮರಿ ತಣ್ಣಗಾಗಿತ್ತು. ಇನ್ನೊಂದು ಅದರ ಮೇಲೆಯೇ ಮುದುಡಿ ಮಲಗಿತ್ತು.

ಉಳಿದುದನ್ನು ಎತ್ತಿಕೊಂಡು ಪಶು ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಎತ್ತು ಎಮ್ಮೆಗಳ ನಡುವೆ ಅಂಗೈಯಗಲದ ಈ ರೋಗಿಯನ್ನು ಕಂಡು ವೈದ್ಯರು ನಗಲಿಲ್ಲ. "ಮಾಸ್ತರ್ರೆ, ಆಕಳ ಹಾಲು ಕರುವಿಗೆ ಅದರಿ, ಬೆಕ್ಕಿನ ಮರಿಗಲ್ಲ" ಎಂದಷ್ಟೇ ಹೇಳಿದರು. ಬೆಕ್ಕಿನ ಹಾಲಿನಲ್ಲಿ ಸಸಾರಜನಕ ಆಕಳ ಹಾಲಿನ ಸುಮಾರು ಎರಡರಷ್ಟು. ಆಕಳ ಹಾಲಿನ ಸಕ್ಕರೆಯಂಶ ಮರಿಯ ಕರುಳಿಗೆ ಒಗ್ಗುವುದಿಲ್ಲ. ಎಳೆಯ ಮರಿ ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳಲಾರದು. ಆದ್ದರಿಂದ ಮೊದಲು ಬೆಚ್ಚಗೆ ಮಾಡಬೇಕು, ಆಮೇಲೆ ಕುಡಿಸಬೇಕು. ತಣ್ಣಗಿರುವ ಮರಿಗೆ ಕುಡಿಸಿದ್ದು ಜೀರ್ಣವಾಗುವುದಿಲ್ಲ. ಕೂಸನ್ನು ಮಲಗಿಸಿದಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಾಗಿರಿಸಿ, ತಲೆ ತುಸು ಎತ್ತಿ ಕುಡಿಸಬೇಕು. ಮೂರು ನಾಲ್ಕು ವಾರದೊಳಗಿನ ಮರಿಗೆ ತಾನಾಗಿ ಮಲಮೂತ್ರ ವಿಸರ್ಜಿಸುವುದು ಬಾರದು. ತಾಯಿ ನೆಕ್ಕುವಂತೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರಸಬೇಕು. ಈ ಒಂದೊಂದು ಮಾತೂ ನನಗೆ ಕಪ್ಪು ಮರಿಯ ಮರಣಪತ್ರದ ಒಂದೊಂದು ಸಾಲಿನಂತೆ ಕೇಳಿತು.

ಬೆಕ್ಕಿನ ಮರಿಗೆಂದೇ ತಯಾರಾಗುವ ಹಾಲಿನ ಪುಡಿಯನ್ನು ಕಲಬುರಗಿಯಿಂದಲೇ ತರಬೇಕಾಗಿತ್ತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಪ್ರಯಾಣ ಬಿಟ್ಟಿ. ಮರಿಗಳು ಒಳಗೆ ಬಂದ ದಿನದಿಂದ ಮುಖ ಗಂಟಿಕ್ಕಿಕೊಂಡಿದ್ದ ನನ್ನ ಮನೆಯಾಕೆ, "ನೀವು ಹೋದ್ರ ರೊಕ್ಕ ಬೀಳ್ತದ, ನಾ ಹೋಗಿ ಬರ್ತೀನಿ ತಗೋರಿ" ಎಂದು ಹೊರಟು, ಕಟ್ಟಿಸಂಗಾವಿಯ ಸೇತುವೆ ದಾಟಿ ಹೋಗಿ, ಸಂಜೆಯೊಳಗೆ 700 ರೂಪಾಯಿಯ ಡಬ್ಬಿಯೊಡನೆ ಹಿಂದಿರುಗಿದಳು. ರೊಕ್ಕದ ಉಳಿತಾಯವೊಂದೇ ಕಾರಣವಾಗಿತ್ತೆಂದು ನಾನು ನಂಬಲಿಲ್ಲ, ಕೇಳಲೂ ಇಲ್ಲ.

ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಕುಡಿಸುವುದು. ಮರಿ ನೆಟ್ಟಗಿದೆಯೇ ಎಂದು ತಿಳಿಯಲು ಒಂದೇ ನಂಬಿಗಸ್ತ ಮಾರ್ಗ ತೂಕ. ದಿನಕ್ಕೆ ಸುಮಾರು 10 ಗ್ರಾಂ ಏರಬೇಕು. ಮನೆಯಲ್ಲಿ ಅಂಥ ತಕ್ಕಡಿಯಿರಲಿಲ್ಲ. ನಮ್ಮ ಓಣಿಯ ಕಿರಾಣಿ ಅಂಗಡಿಯವನು, ನನ್ನ ಹಳೆಯ ವಿದ್ಯಾರ್ಥಿ, ದಿನವೂ ಬೋಣಿಗೆಗೆ ಮೊದಲು ತನ್ನ ಕಾಟಾದ ಮೇಲೆ ಒಂದು ಕಾಗದ ಹಾಸಿ ಮರಿಯನ್ನು ತೂಗಿಕೊಟ್ಟನು. ಮೊದಲ ದಿನ 190 ಗ್ರಾಂ. ಎರಡನೆಯ ದಿನವೂ 190. ಮೂರನೆಯ ದಿನ 196. "ಸರ್ರ, ಇವತ್ತು ಆರು ಗ್ರಾಂ ಲಾಭ" ಎಂದು ಅವನು ಕೂಗಿ ಹೇಳಿದಾಗ, ಶಾಲೆಯಲ್ಲಿ ಅವನಿಗೆ ಲಾಭ ನಷ್ಟದ ಲೆಕ್ಕ ಒಂದೂ ಬರುತ್ತಿರಲಿಲ್ಲವೆಂಬುದನ್ನು ನಾನು ಮರೆತುಬಿಟ್ಟೆ.

ತಿಂಗಳು ತುಂಬಿ ಮರಿ ಗಟ್ಟಿ ಆಹಾರಕ್ಕೆ ಬಾಯಿಹಾಕುವ ಹೊತ್ತಿಗೆ ಹೊಸ ಧರ್ಮಸಂಕಟ ಎದುರಾಯಿತು. ನಮ್ಮದು ತತ್ತಿಯೂ ಒಳಗೆ ಬಾರದ ಮನೆ. ಆದರೆ ಬೆಕ್ಕು ಮಾಂಸಾಹಾರಿಯಾಗಿರಲೇಬೇಕಾದ ಪ್ರಾಣಿ. ರೊಟ್ಟಿ ಹಾಲಿನಲ್ಲಿ ಅದರ ಹೊಟ್ಟೆ ತುಂಬೀತು, ಬಾಳು ತುಂಬದು. ಟಾರೀನ್ ಎಂಬ ಒಂದು ವಸ್ತು ಮಾಂಸದಲ್ಲಿದೆ. ನಾಯಿ ಅದನ್ನು ತನ್ನ ಮೈಯೊಳಗೆ ತಯಾರಿಸಿಕೊಳ್ಳಬಲ್ಲದು, ಬೆಕ್ಕು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ದೊರೆಯದ ಬೆಕ್ಕಿನ ಕಣ್ಣು ಕ್ರಮೇಣ ಕುರುಡಾಗುವುದೆಂದು 1975ರಲ್ಲಿಯೂ, ಹೃದಯ ಸಡಿಲಗೊಳ್ಳುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಶಾಕಾಹಾರಿಗಳ ಮನೆಯ ಬೆಕ್ಕುಗಳು ಇಷ್ಟು ಕಾಲ ಬದುಕಿದ್ದು ನಮ್ಮ ರೊಟ್ಟಿಯಿಂದಲ್ಲ, ನಮಗೆ ಕಾಣದಂತೆ ಹಿಡಿದ ಇಲಿಯಿಂದ. ಮನೆಯೊಳಗೇ ಬೆಳೆಯುವ ಮರಿಗೆ ಆ ಇಲಿಯೆಲ್ಲಿ?

ಮೀನು ಕೋಳಿಯ ಪುಡಿಯಿಂದ ಮಾಡಿದ, ಟಾರೀನ್ ಸೇರಿಸಿದ ಸಿದ್ಧ ಆಹಾರದ ಪೊಟ್ಟಣವನ್ನು ನಾನು ಕದ್ದ ವಸ್ತುವಿನಂತೆ ಹಿತ್ತಲಲ್ಲಿ ಬಚ್ಚಿಟ್ಟಿದ್ದೆ. ಒಂದು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಮನೆಯಾಕೆ ಅದನ್ನು ಕಟ್ಟೆಯ ಮೇಲೆ ತಂದಿಟ್ಟು ತಾನೇ ಮರಿಗೆ ಹಾಕುತ್ತಿದ್ದಳು. ನಾನು ತಬ್ಬಿಬ್ಬಾಗಿ ನಿಂತುದನ್ನು ಕಂಡು, "ಅದರ ಧರ್ಮ ಅದಕ್ಕ, ನಮ್ಮ ಧರ್ಮ ನಮಗ. ಒಂದನ್ನ ಕೊಂದೀವಿ, ಸಾಲದೇನ್ರಿ?" ಎಂದಳು. ಆ 'ಕೊಂದೀವಿ'ಯಲ್ಲಿ ತನ್ನನ್ನೂ ಸೇರಿಸಿಕೊಂಡ ಆಕೆಯ ಔದಾರ್ಯಕ್ಕೆ ನಾನು ಇಂದಿಗೂ ಋಣಿ.

ಇನ್ನು ಮಲವಿಸರ್ಜನೆಯ ಏರ್ಪಾಡು. ಪೇಟೆಯಲ್ಲಿ ಇದಕ್ಕೆಂದು ಒಂದು ಬಗೆಯ ಜೇಡಿಯನ್ನು ಮಾರುತ್ತಾರೆ. ಒದ್ದೆಯಾದರೆ ಗಂಟುಕಟ್ಟುವುದು ಅದರ ಗುಣ. ಅದು ನಮ್ಮ ಎರೆಮಣ್ಣಿನ ಹತ್ತಿರದ ಬಂಧು. ನೀರು ಹೀರಿ ಉಬ್ಬುವ ಖನಿಜ ಎರಡರಲ್ಲಿಯೂ ಒಂದೇ. ಹೊಲದ ತುಂಬ ಬಿದ್ದಿರುವುದನ್ನು ಹಣಕೊಟ್ಟು ತರುವುದೇಕೆಂದು ಒಂದು ಬುಟ್ಟಿ ಎರೆಮಣ್ಣನ್ನು ಜರಡಿ ಹಿಡಿದು ಇಟ್ಟೆ. ಮರಿ ಅದನ್ನು ಸಂತೋಷದಿಂದ ಒಪ್ಪಿಕೊಂಡಿತು. ಆಮೇಲೆ ಕಪ್ಪು ಹೆಜ್ಜೆಗಳಿಂದ ದೇವರ ಕೋಣೆಯವರೆಗೆ ರಂಗವಲ್ಲಿ ಬರೆಯಿತು. ಈಗ ಹಳೆಯ ತಗಡಿನ ತಟ್ಟೆಯಲ್ಲಿ ಮರಳಿದೆ. ದಿನವೂ ಬಾಚಿ ತೆಗೆಯುತ್ತೇನೆ. ಈ ಬಾಬತ್ತಿನ ಖರ್ಚು ಮಾತ್ರ ನಿಜವಾಗಿಯೂ ಸೊನ್ನೆ.

ಲೆಕ್ಕದ ಮಾತು ಬಂದುದರಿಂದ ನನ್ನ ವಹಿಯನ್ನು ವಾಚಕರ ಮುಂದೆ ತೆರೆದಿಡುತ್ತೇನೆ. ಹಾಲಿನ ಪುಡಿ ಎರಡು ಡಬ್ಬಿ, 1,400 ರೂಪಾಯಿ. ಹುಳದ ಔಷಧ ವರ್ಷಕ್ಕೆ 300. ಎಂಟನೆಯ ವಾರದಿಂದ ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರನೆಯ ವಾರದವರೆಗೆ ಕೊಡುವ ಸಂಯುಕ್ತ ಲಸಿಕೆ ಮೂರು ಸಲ, 2,400. ಮರಿಗಳನ್ನು ಎರಡು ದಿನದಲ್ಲಿ ಒಯ್ಯಬಲ್ಲ ಭೇದಿಜ್ವರದಿಂದ ಕಾಯುವುದು ಇದೇ. ಮೂರು ತಿಂಗಳು ತುಂಬಿದ ಮೇಲೆ ಹುಚ್ಚುರೋಗದ ಲಸಿಕೆ, 300. ಸಂತಾನಹರಣ ಶಸ್ತ್ರಕ್ರಿಯೆ, 3,000. ಹತ್ತು ತಿಂಗಳ ಆಹಾರ, 5,000. ಒಟ್ಟು ಮೊದಲ ವರ್ಷಕ್ಕೆ 12,400. ದಿನಕ್ಕೆ 34 ರೂಪಾಯಿ. ಮುಂದೆ ವರ್ಷಕ್ಕೆ 8,600ರಂತೆ, ಅದು 15 ವರ್ಷ ಬಾಳಿದರೆ ಒಟ್ಟು 1,32,800. ಇಂದಿನ ಧಾರಣೆಯಲ್ಲಿ ಈ ಲೆಕ್ಕ. ನಾಳೆಯದನ್ನು ಯಾರು ಬಲ್ಲರು?

ಇದರಲ್ಲಿ ಯಾವುದನ್ನು ಕಡಿಮೆ ಮಾಡಬಹುದೆಂದು ನಾನೂ ಯೋಚಿಸಿದೆ. ಶಸ್ತ್ರಕ್ರಿಯೆಯನ್ನು ಬಿಡುವುದು ಮೊದಲು ಹೊಳೆಯುವ ಉಳಿತಾಯ. ಆದರೆ ಹೆಣ್ಣುಬೆಕ್ಕು ಆರು ತಿಂಗಳೊಳಗೇ ಬೆದೆಗೆ ಬರುತ್ತದೆ. ಒಂಬತ್ತು ವಾರಗಳಲ್ಲಿ ಈಯುತ್ತದೆ. ವರ್ಷಕ್ಕೆ ಎರಡು ಮೂರು ಸೂಲು. ಆ ಮರಿಗಳೆಲ್ಲ ಯಾರದೋ ತೊಗರಿ ಕಟ್ಟಿಗೆಯೊಳಗೆ ಕೂಗುತ್ತವೆ. ಹುಚ್ಚುರೋಗದ ಲಸಿಕೆಯಂತೂ ಬೆಕ್ಕಿಗಿಂತ ನಮಗಾಗಿ. ಬೆಕ್ಕು ಕಚ್ಚಿದರೆ, ಪರಚಿದರೆ ಅರಿಸಿನ ಮೆತ್ತಿ ಸುಮ್ಮನಿರತಕ್ಕದ್ದಲ್ಲ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಖರ್ಚಿಲ್ಲದ ಎಚ್ಚರಿಕೆಗಳೂ ಕೆಲವಿವೆ: ನಮ್ಮ ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ವಿಷ, ನಾಯಿಯ ಉಣ್ಣೆಗೆಂದು ಮಾರುವ ಕೆಲವು ಔಷಧಗಳೂ ವಿಷ, ಉಳ್ಳಾಗಡ್ಡಿ ಬೆಳ್ಳುಳ್ಳಿ ಬಿದ್ದ ಸಾರು ಕೂಡದು.

ಇಷ್ಟೆಲ್ಲ ಒಂದು ಬೆಕ್ಕಿಗಾಗಿಯೇ ಎಂದು ಕೇಳುವವರಿದ್ದಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕನ್ನು ಹೂಳಿದ್ದು 2004ರಲ್ಲಿ ಬೆಳಕಿಗೆ ಬಂದಿತು. ಮನುಷ್ಯ ಕಾಳು ಕೂಡಿಟ್ಟ. ಕಾಳಿಗೆ ಇಲಿ ಬಂತು. ಇಲಿಗೆ ಬೆಕ್ಕು ಬಂತು. ಜೋಳವನ್ನು ಹಗೇವಿನಲ್ಲಿ ತುಂಬಿಟ್ಟ, ತೊಗರಿಯನ್ನು ಚೀಲಚೀಲವಾಗಿ ಒಟ್ಟಿದ ನಮ್ಮ ಸೀಮೆಗಿಂತ ಈ ಒಪ್ಪಂದದ ಬೆಲೆ ಬಲ್ಲವರಾರು? ಅದರಲ್ಲಿ ಬೆಕ್ಕಿನ ಕಡೆಯ ಕೆಲಸ ಸಾವಿರಾರು ವರ್ಷ ನಡೆದುಬಂದಿದೆ. ನಮ್ಮ ಕಡೆಯ ಬಾಕಿಯೇ ಉಳಿದಿರುವುದು.

ಒಂದು ಲೆಕ್ಕ ಮಾತ್ರ ವಹಿಯಲ್ಲಿ ಕೂಡಿ ಬರಲಿಲ್ಲ. ನನಗೆ 66, ಬೆಕ್ಕಿಗೆ 15 ತುಂಬುವಾಗ ನನಗೆ 81. ಮಗ ಇರುವುದು ಪುಣೆಯಲ್ಲಿ, ಮೂರನೆಯ ಅಂತಸ್ತಿನ ಬಾಡಿಗೆಮನೆಯಲ್ಲಿ. ಮೊನ್ನೆ ಬೆಳಿಗ್ಗೆ ಕಿರಾಣಿ ಅಂಗಡಿಯ ಮುಂದೆ ನಿಂತು ಇದನ್ನೇ ಸುತ್ತಿಬಳಸಿ ಹೇಳಿದೆ. ಹುಡುಗ ಬೆಲ್ಲ ತೂಗುತ್ತ ತಲೆಯೆತ್ತದೆ, "ಅಂಗಡ್ಯಾಗ ಇಲಿ ಭಾಳ ಆಗ್ಯಾವ್ರಿ ಸರ್ರ. ಹಗಲೆಲ್ಲ ಇಲ್ಲೇ ಬಿಡ್ರಿ, ರೂಢಿ ಆಗ್ಲಿ" ಎಂದನು.

ನಾನು ಒಳಗಣ ಮೂಲೆಯನ್ನು ನೋಡಿದೆ. ಅಕ್ಕಿಯ ಚೀಲದ ಸಂದಿಯಲ್ಲಿ ಇಲಿಪಾಷಾಣದ ಉಂಡೆಗಳು ಬಿದ್ದಿದ್ದವು. ಅಫಜಲಪುರದ ಅಂಗಳ ಕಣ್ಣ ಮುಂದೆ ಬಂದಿತು. ನಾನು ಬಾಯಿ ತೆರೆಯುವ ಮೊದಲೇ ಅವನೂ ಅತ್ತ ನೋಡಿದನು; ತಕ್ಕಡಿ ಬಿಟ್ಟು ಎದ್ದು, ಮೊರ ತೆಗೆದುಕೊಂಡು, ಉಂಡೆಗಳನ್ನು ಒಂದೊಂದಾಗಿ ಬಳಿಯತೊಡಗಿದನು.