ಧೂಪದ ಮರ: ರೆಕ್ಕೆಯಿಲ್ಲದ ಫಲದ ವಿಚಾರ

ಪಶ್ಚಿಮ ಘಟ್ಟಗಳ ನಿತ್ಯಹರಿದ್ವರ್ಣ ಕಾಡಿನಲ್ಲಿ ಎಲ್ಲಕ್ಕಿಂತ ಮೇಲೆ ತಲೆಯೆತ್ತಿ ನಿಲ್ಲುವ ವೃಕ್ಷಗಳಲ್ಲಿ ಧೂಪದ ಮರವೂ ಒಂದು. ಇದಕ್ಕೆ ಸಾಲುಧೂಪವೆಂಬ ಹೆಸರೂ ಉಂಟು. ಮಲೆನಾಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಇದನ್ನು ದಾರಿಯ ಇಕ್ಕೆಲಗಳಲ್ಲಿ ಸಾಲುಮರವಾಗಿ ನೆಟ್ಟಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆದರೆ ಇದರ ನಿಜವಾದ ನೆಲೆ ಘಟ್ಟದ ಪಡುವಣ ಇಳಿಜಾರಿನ, ಹೆಚ್ಚು ಮಳೆ ಬೀಳುವ ಕಣಿವೆಗಳು ಮತ್ತು ಹಳ್ಳದ ದಡಗಳು. ಕರ್ನಾಟಕದಿಂದ ಕೇರಳದ ತೆಂಕಣ ಭಾಗದವರೆಗೆ ಹಬ್ಬಿರುವ ಈ ಘಟ್ಟಸಾಲನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇದು ಸ್ವಾಭಾವಿಕವಾಗಿ ಬೆಳೆಯುವುದಿಲ್ಲ.

ಮಲಬಾರಿನ ಡಚ್ ಅಧಿಪತಿಯಾಗಿದ್ದ ವಾನ್ ರೀಡನು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ ತನ್ನ ‘ಹಾರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ, ಮಲೆಯಾಳದ ಹೆಸರನ್ನೇ ಅನುಸರಿಸಿ, ಈ ಮರವನ್ನು ವರ್ಣಿಸಿದ್ದಾನೆ. 1753ರಲ್ಲಿ ಲಿನ್ನೇಯಸನು ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಅಬ್ರಹಾಂ ವಾಟರನ ನೆನಪಿಗಾಗಿ ಇದಕ್ಕೆ ವಟೀರಿಯ ಇಂಡಿಕ ಎಂದು ನಾಮಕರಣ ಮಾಡಿದನು. ವಿದ್ಯಾರ್ಥಿಗಳು ಇದನ್ನು ಕರಿಧೂಪ, ಅಂದರೆ ಕೆನೇರಿಯಂ ಸ್ಟ್ರಿಕ್ಟಂ ಎಂಬ ಮರದೊಡನೆ ಬೆರೆಸುವುದುಂಟು. ಎಲೆಯನ್ನು ನೋಡಿದರೆ ಸಂಶಯ ಉಳಿಯದು: ಕರಿಧೂಪದ್ದು ಸಂಯುಕ್ತಪತ್ರ, ಇದರದು ಸರಳಪತ್ರ. ಅದರ ರಾಳ ಕಪ್ಪು, ಇದರದು ಬಿಳುಪಿನಿಂದ ಹಳದಿಯವರೆಗೆ.

ಮರವು ಸಾಮಾನ್ಯವಾಗಿ 30 ರಿಂದ 40 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಕಾಂಡ ನೆಟ್ಟಗಿದ್ದು, ಬಹು ಎತ್ತರದವರೆಗೆ ಕೊಂಬೆಯಿಲ್ಲದೆ ಕಂಬದಂತೆ ನಿಲ್ಲುವುದು. ತೊಗಟೆ ಬೂದುಬಣ್ಣದ್ದು, ಗಾಯವಾದಲ್ಲಿ ರಾಳ ಒಸರುತ್ತದೆ. ಎಳೆಯ ಭಾಗಗಳ ಮೇಲೆ ನಕ್ಷತ್ರಾಕಾರದ ರೋಮಗಳಿವೆ. ಎಲೆಗಳು ಪರ್ಯಾಯವಾಗಿ ಜೋಡಣೆಗೊಂಡಿದ್ದು ಉದ್ದವಾಗಿಯೂ ತೊಗಲಿನಂತೆ ದಪ್ಪವಾಗಿಯೂ ಇರುತ್ತವೆ. ತೊಟ್ಟಿನ ಮೇಲ್ತುದಿ ಉಬ್ಬಿರುವುದು ಗುರುತಿಗೆ ಒಳ್ಳೆಯ ಲಕ್ಷಣ. ಚಿಗುರು ಕೆಂಪು. ಬೇಸಗೆಗೆ ಮುಂಚೆ ಕೆಂಪಾದ ನೆತ್ತಿಯನ್ನು ಹೂವೆಂದು ಭ್ರಮಿಸಿದವರು ಈ ಲೇಖಕನೊಬ್ಬನೇ ಅಲ್ಲವೆಂದು ನಂಬಿದ್ದೇನೆ. ನಿಜವಾದ ಹೂಗಳು ಬಿಳಿಯವು, ಸುವಾಸನೆಯುಳ್ಳವು, ಕವಲೊಡೆದ ದೊಡ್ಡ ಗೊಂಚಲುಗಳಲ್ಲಿ ಅರಳತಕ್ಕವು. ಐದು ದಳಗಳ ನಡುವೆ ಹಳದಿಯ ಅನೇಕ ಕೇಸರಗಳು ಗುಂಪುಗೂಡಿರುತ್ತವೆ.

ಈ ಮರ ಸೇರಿರುವ ಕುಟುಂಬ ಡಿಪ್ಟೆರೊಕಾರ್ಪೇಸಿಯೆ. ಗ್ರೀಕ್ ಮೂಲದ ಆ ಹೆಸರಿಗೆ ‘ಎರಡು ರೆಕ್ಕೆಯ ಫಲ’ವೆಂದು ಅರ್ಥ. ಘಟ್ಟದಲ್ಲಿಯೇ ಇರುವ ಡಿಪ್ಟೆರೊಕಾರ್ಪಸ್ ಮತ್ತು ಹೋಪಿಯಗಳಲ್ಲಿ ಪುಷ್ಪಪಾತ್ರೆಯ ಎರಡು ಭಾಗಗಳು ಹೂ ಉದುರಿದ ಮೇಲೆ ಉದ್ದವಾಗಿ ಬೆಳೆದು ರೆಕ್ಕೆಗಳಾಗುತ್ತವೆ; ಕಾಯಿ ಸುತ್ತುತ್ತ ಗಾಳಿಯಲ್ಲಿ ಇಳಿಯುತ್ತದೆ. ಧೂಪದಲ್ಲಿಯಾದರೋ ಪುಷ್ಪಪಾತ್ರೆ ಬೆಳೆಯದೆ ಹಿಂದಕ್ಕೆ ಮಡಿಚಿ ನಿಂತುಬಿಡುತ್ತದೆ. ಫಲವು ಮೂರು ಹೋಳಾಗಿ ಒಡೆಯುವ ಕಂದುಬಣ್ಣದ ಕಾಯಿ. ಒಳಗೆ ಒಂದೇ ಬೀಜ, ಅದೂ ಕೊಬ್ಬಿನಿಂದ ತುಂಬಿ ಭಾರವಾದದ್ದು. ಹೀಗಾಗಿ ಬಹುಪಾಲು ಕಾಯಿಗಳು ತಾಯಿಮರದ ಬುಡದಲ್ಲಿಯೇ ಬೀಳುತ್ತವೆ.

ಕಾಯಿ ಬೀಳುವುದು ಮುಂಗಾರಿನ ಆರಂಭದಲ್ಲಿ. ಈ ಬೀಜಕ್ಕೆ ಸುಪ್ತಾವಸ್ಥೆಯೆಂಬುದಿಲ್ಲ; ತೇವವಿದ್ದರೆ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ, ಒಣಗಿದರೆ ಸಾಯುತ್ತದೆ. ಧಾನ್ಯದ ಬೀಜವನ್ನು ಒಣಗಿಸಿ ಕಣಜದಲ್ಲಿಡುವಂತೆ ಇದನ್ನು ಮರುವರ್ಷಕ್ಕೆ ಕಾಪಿಡಲು ಬರುವುದಿಲ್ಲ. ತಾಯಿಮರದ ನೆರಳನ್ನು ಸಸಿ ಸಹಿಸಬಲ್ಲದು. ಈ ಕುಟುಂಬದ ಮರಗಳ ಬೇರಿನೊಡನೆ ಸಹಜೀವನ ನಡೆಸುವ ಶಿಲೀಂಧ್ರಗಳು ಆ ಮಣ್ಣಿನಲ್ಲಿ ಮೊದಲೇ ಇರುವುದರಿಂದ, ಬುಡದಲ್ಲಿ ಮೊಳೆಯುವುದು ಒಂದು ಅನುಕೂಲವೂ ಆಗಿರಬೇಕು. ಆದರೆ ಕಾಡು ತುಂಡುತುಂಡಾದಲ್ಲಿ ನಡುವಣ ಬಯಲನ್ನು ದಾಟಬಲ್ಲ ಸಾಧನ ಈ ಬೀಜಕ್ಕಿಲ್ಲ.

ತೊಡಕು ಇಲ್ಲಿಯೇ ಇದೆ. ಮರಕ್ಕೆ ಬೇಕಾದ ಕೊಬ್ಬು ಮನುಷ್ಯನಿಗೂ ಬೇಕು. ಬೀಜವನ್ನು ಒಣಗಿಸಿ, ಪುಡಿಮಾಡಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ಆರಿದಾಗ ಗಟ್ಟಿಯಾಗುತ್ತದೆ. ಹಿಂದೆ ಅದು ಮೇಣದಬತ್ತಿಗೆ, ಸಾಬೂನಿಗೆ ಒದಗಿತು; ಈಚೆಗೆ ಕೋಕೋ ಬೆಣ್ಣೆಗೆ ಬದಲಿಯಾಗಿ ಮಿಠಾಯಿ ಕೈಗಾರಿಕೆಗೂ ಸಲ್ಲುತ್ತದೆ. ರಾಳವು ಧೂಪಕ್ಕೂ ವಾರ್ನಿಷಿಗೂ, ಮರವು ಪ್ಲೈವುಡ್ಡಿಗೂ ಹೋಯಿತು. ರಾಳ ತೆಗೆದ ಮರ, ಗಾಯ ಮಿತಿಮೀರದಿದ್ದರೆ, ಬದುಕಿ ಉಳಿಯುತ್ತದೆ. ಬೀಜವನ್ನು ಪೂರ್ತಿಯಾಗಿ ಆರಿಸಿಕೊಂಡ ನೆಲದಲ್ಲಿ ಆ ವರ್ಷ ಸಸಿಯೇ ಇರುವುದಿಲ್ಲ. ನೆಲದಲ್ಲಿ ಹಳೆಯ ಬೀಜದ ದಾಸ್ತಾನೂ ಇಲ್ಲ. ಆರಿಸುವವರು ಮಳೆಗಾಲದ ನಾಲ್ಕು ಕಾಸಿಗಾಗಿ ಬರುವ ಬಡವರಾದುದರಿಂದ ಬರಿಯ ನಿಷೇಧವನ್ನು ಹೇಳುವುದು ನನಗೆ ಸುಲಭವಾಗಿ ಕಾಣುವುದಿಲ್ಲ. ಒಂದು ಪಾಲನ್ನಾದರೂ ಬುಡದಲ್ಲಿ ಬಿಡಿಸುವ ಏರ್ಪಾಟು ಸಾಧ್ಯವಾಗಬೇಕು.

ಇವರ ವಂಶವೇನೂ ನಿನ್ನೆಯದಲ್ಲ. ಗುಜರಾತಿನ ಸೂರತ್ ಬಳಿಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ದೊರೆತ, ಸುಮಾರು 5 ಕೋಟಿ ವರ್ಷ ಹಳೆಯ ಶಿಲಾರಾಳವು ಇದೇ ಕುಟುಂಬದ ಮರಗಳದ್ದೆಂದು ರಾಸಾಯನಿಕ ಪರೀಕ್ಷೆಯಿಂದ ತಿಳಿದುಬಂದು, 2010ರಲ್ಲಿ ಪ್ರಕಟವಾಯಿತು. ಅದರೊಳಗೆ ಅಂದಿನ ಕೀಟಗಳು ಇನ್ನೂ ಕೆಡದೆ ಉಳಿದಿವೆ. ಅಷ್ಟು ಕಾಲ ಬಾಳುವ ರಾಳವನ್ನು ಸುರಿಸುವ ಈ ಕುಲದಲ್ಲಿ ಹುಟ್ಟಿದ ಧೂಪದ ಬೀಜವನ್ನು ಸಸ್ಯಕ್ಷೇತ್ರದಲ್ಲಿ ಬೆಳೆಸಬೇಕೆನ್ನುವವರು ಕಾಯಿ ಬಿದ್ದ ವಾರದೊಳಗೇ ಬಿತ್ತತಕ್ಕದ್ದು.